ಉಂಡ ಮನೆಯ ಋಣ ಮತ್ತು ಪ್ರಯೋಗಾಲಯದ ಸತ್ಯ

ವಿದ್ಯೆ ಎಂದಾಕ್ಷಣ ನಮ್ಮ ಮನಸ್ಸಿಗೆ ಬರುವುದು ಪುಸ್ತಕ, ತರಗತಿ ಮತ್ತು ಪರೀಕ್ಷೆ. ದುಡಿಮೆ ಎಂಬುದು ವಿದ್ಯೆ ಮುಗಿದ ಮೇಲೆ ಆರಂಭವಾಗುವಂಥದ್ದು. ಇಲ್ಲವೇ ವಿದ್ಯೆ ತಲೆಗೆ ಹತ್ತದವರ ಪಾಲಿಗೆ ಬರುವಂಥದ್ದು. ಮಗ ಓದುತ್ತಲೇ ದುಡಿಯುತ್ತಿದ್ದರೆ ಆ ವಿಷಯವನ್ನು ನಾವು ನೆಂಟರ ಮುಂದೆ ತಗ್ಗಿದ ದನಿಯಲ್ಲಿ ಹೇಳುತ್ತೇವೆ. ಓದು ಮತ್ತು ದುಡಿಮೆಯ ನಡುವಿನ ಈ ಗೋಡೆ ನ್ಯಾಯವೇ?

ಇಂಗ್ಲೆಂಡ್ ಈ ಗೋಡೆಯನ್ನು ಸ್ವಲ್ಪ ಮಟ್ಟಿಗಾದರೂ ಒಡೆಯಲು ಯತ್ನಿಸಿದೆ. 2015ರಲ್ಲಿ ಅಲ್ಲಿ 'ಡಿಗ್ರಿ ಅಪ್ರೆಂಟಿಸ್‌ಶಿಪ್' ಎಂಬ ವ್ಯವಸ್ಥೆ ಆರಂಭವಾಯಿತು. ಹದಿನೆಂಟರ ಹರೆಯದ ಹುಡುಗಿಯೊಬ್ಬಳು ಔಷಧ ಕಂಪೆನಿಯ ಪ್ರಯೋಗಾಲಯಕ್ಕೆ ನೌಕರಳಾಗಿ ಸೇರುತ್ತಾಳೆ ಎಂದಿಟ್ಟುಕೊಳ್ಳೋಣ. ವಾರದ ಹೆಚ್ಚಿನ ದಿನ ಮಾತ್ರೆಗಳನ್ನು ತೂಗಿ, ಕರಗಿಸಿ, ಯಂತ್ರಕ್ಕೆ ಕೊಟ್ಟು, ಬಂದ ಅಂಕಿಯನ್ನು ಬರೆದಿಡುವುದು ಅವಳ ಕೆಲಸ. ಸಾಮಾನ್ಯವಾಗಿ ವಾರಕ್ಕೊಂದು ದಿನದಷ್ಟು ಹೊತ್ತು ವಿಶ್ವವಿದ್ಯಾನಿಲಯದ ಪಾಠ. ಆ ಹೊತ್ತಿಗೂ ಸಂಬಳವಿದೆ. ಕಾಲೇಜಿನ ಶುಲ್ಕವನ್ನು ಅವಳು ಕಟ್ಟಬೇಕಾಗಿಲ್ಲ. ಅಂಥ ತರಬೇತಿಗಾಗಿ, ವರ್ಷಕ್ಕೆ 30 ಲಕ್ಷ ಪೌಂಡ್‌ಗಿಂತ ಹೆಚ್ಚು ವೇತನ ನೀಡುವ ಸಂಸ್ಥೆಗಳ ಮೇಲೆ 2017ರಲ್ಲಿ ಶೇ. 0.5ರ ದರದಲ್ಲಿ ಕರ ವಿಧಿಸಲಾಯಿತು. ಕೆಲವು ವರ್ಷಗಳಲ್ಲಿ ಪದವಿಯೂ ಅನುಭವವೂ ಒಟ್ಟಿಗೇ ಕೈಸೇರುತ್ತವೆ. ತಲೆಯ ಮೇಲೆ ಸಾಲವಿರುವುದಿಲ್ಲ.

ಹಾಗೆಂದು ಇದು ಸುಲಭದ ದಾರಿಯಲ್ಲ. ದಿನವಿಡೀ ನಿಂತು ದಣಿದ ಮೇಲೆ ರಾತ್ರಿ ಪುಸ್ತಕ ಬಿಡಿಸಬೇಕು. ಓರಗೆಯವರಿಗೆ ಸಿಗುವ ದೀರ್ಘ ರಜೆ ಅವಳಿಗಿಲ್ಲ. ಆದರೆ ದಣಿವಿಗಿಂತ ದೊಡ್ಡ ಪರೀಕ್ಷೆಯೊಂದು ಅವಳಿಗೆ ಎದುರಾಗಬಹುದು. ಅದು ಯಾವ ಪ್ರಶ್ನೆಪತ್ರಿಕೆಯಲ್ಲೂ ಇರುವುದಿಲ್ಲ.

ಒಂದು ದಿನ ಮಾತ್ರೆಯಲ್ಲಿ ಔಷಧದ ಪ್ರಮಾಣ ಮಿತಿಗಿಂತ ಕಡಿಮೆ ಎಂದು ಯಂತ್ರ ತೋರಿಸುತ್ತದೆ. ಹೊರಗೆ ಲಾರಿ ಕಾಯುತ್ತಿದೆ. ತಪ್ಪಿದ ಫಲಿತಾಂಶವೂ ಒಂದು ತಿಳಿವಳಿಕೆಯೇ ಎಂದು ತರಗತಿಯಲ್ಲಿ ಕಲಿಸಿದ್ದಾರೆ. ಕೆಲಸದ ಜಾಗದಲ್ಲಿ ಅದರ ಹೆಸರು ನಷ್ಟ. 'ಇನ್ನೊಮ್ಮೆ ಮಾಡಿ ನೋಡು' ಎಂದು ಹಿರಿಯರೊಬ್ಬರು ಮೆಲ್ಲಗೆ ಹೇಳುತ್ತಾರೆ. ಸರಿಯಾದ ಅಂಕಿ ಬರುವವರೆಗೆ ಮಾಡುತ್ತಲೇ ಇದ್ದರೆ ಒಮ್ಮೆ ಬಂದೇ ಬರುತ್ತದೆ. ಅದು ಪರೀಕ್ಷೆಯೋ, ಪರೀಕ್ಷೆಯ ವೇಷದ ಸುಳ್ಳೋ? 1993ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯ ಔಷಧ ಕಂಪೆನಿಯೊಂದರ ಪ್ರಕರಣದಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ವಿಫಲ ಫಲಿತಾಂಶದ ಕಾರಣವನ್ನು ತನಿಖೆ ಮಾಡದೆ, ಪಾಸಾಗುವವರೆಗೆ ಪರೀಕ್ಷಿಸುತ್ತಾ ಹೋಗುವುದು ಸಲ್ಲದೆಂಬ ನಿಯಮ ಅಲ್ಲಿಂದ ಗಟ್ಟಿಯಾಯಿತು. ಇಂಥ ಪ್ರಯೋಗಾಲಯದಲ್ಲಿ ತಪ್ಪಾಗಿ ಬರೆದುದನ್ನು ಅಳಿಸುವಂತೆಯೂ ಇಲ್ಲ. ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಸಹಿ ಹಾಕಿ, ತಾರೀಕು ಬರೆಯಬೇಕು.

ನಿಯಮವೇನೋ ಇದೆ. ಆದರೆ ಹತ್ತೊಂಬತ್ತರ ಹುಡುಗಿಗೆ ಧೈರ್ಯ ಎಲ್ಲಿಂದ ಬರಬೇಕು? ಸಂಬಳ ಕೊಡುವವರು, ಓದಿಸುವವರು ಅವರೇ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಹೇಳಿಸಿಕೊಂಡು ಬೆಳೆದವರು ನಾವು. ಇಲ್ಲಿ ಯೋಚಿಸಬೇಕಾದ್ದಿದೆ. ಆ ಕೋಣೆಯಲ್ಲಿ ಇಲ್ಲದ ಮೂರನೆಯವನೊಬ್ಬನಿದ್ದಾನೆ, ಅವನು ರೋಗಿ. ಆ ಮಾತ್ರೆಯನ್ನು ನಂಬಿ ನುಂಗುವವನು ಅವನೇ. ಉಂಡ ಮನೆಯೂ ಅವನ ಹಣದಿಂದಲೇ ನಡೆಯುತ್ತದೆ. ಆದ್ದರಿಂದ ನಿಜವಾದ ಅಂಕಿಯನ್ನು ಬರೆಯುವುದು ದ್ರೋಹವಲ್ಲ, ಋಣ ತೀರಿಸುವ ನೇರವಾದ ದಾರಿ.

ನಮ್ಮ ಕಾಲೇಜುಗಳ ಕಡೆಗೂ ಒಮ್ಮೆ ನೋಡೋಣ. ಹಿರಿಯ ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕವನ್ನು ನಕಲು ಮಾಡುವುದು, ಉತ್ತರ ಮೊದಲು ಬರೆದು ರೀಡಿಂಗ್‌ಗಳನ್ನು ಆಮೇಲೆ ಹೊಂದಿಸುವುದು ವಿಜ್ಞಾನ ಓದಿದ ಯಾರಿಗೆ ಗೊತ್ತಿಲ್ಲ? ಆ ಅಂಕಿಯ ಆಚೆ ತುದಿಯಲ್ಲಿ ಅಂಕವಲ್ಲದೆ ಮನುಷ್ಯನಿಲ್ಲ. ಹೀಗಾಗಿ ಸುಳ್ಳು ಹಗುರವೆನಿಸುತ್ತದೆ. ದುಡಿಮೆ ಆ ಮನುಷ್ಯನನ್ನು ತಂದು ನಿಲ್ಲಿಸುತ್ತದೆ. ಆದರೆ ಬರೀ ದುಡಿಮೆಯೂ ಸಾಲದು. ಯಂತ್ರ ಹೀಗೇಕೆ ಹೇಳಿತು ಎಂದು ತಿಳಿಯದವಳು ಹೇಳಿದ್ದನ್ನು ಮಾಡುವ ಕೈಯಾಗಿಯೇ ಉಳಿಯುತ್ತಾಳೆ. ಓದು ಅವಳಿಗೆ ಪ್ರಶ್ನಿಸುವ ಅಧಿಕಾರ ಕೊಡುತ್ತದೆ. ಪದವಿ ಅವಳ ಸ್ವಂತ ಹೆಸರಿನಲ್ಲಿರುವುದರಿಂದ, ಒಂದು ಬಾಗಿಲು ಮುಚ್ಚಿದರೂ ಇನ್ನೊಂದನ್ನು ತಟ್ಟುವ ಬಲವೂ ಬರುತ್ತದೆ.

ಕಮ್ಮಾರನ ಮಗ ಮೈಕೇಲ್ ಫ್ಯಾರಡೆ ಪುಸ್ತಕ ಕಟ್ಟುವ ಅಂಗಡಿಯಲ್ಲಿ ಅಪ್ರೆಂಟಿಸ್ ಆಗಿದ್ದು, 1813ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್‌ನಲ್ಲಿ ಸಹಾಯಕನಾಗಿ ಸೇರಿದವನು. ಕೈಯ ಕೆಲಸದಿಂದಲೇ ಅವನ ವಿಜ್ಞಾನ ಬೆಳೆಯಿತು. ನಮ್ಮವರೇ ಆದ ರಸಾಯನ ವಿಜ್ಞಾನಿ ಪ್ರಫುಲ್ಲಚಂದ್ರ ರಾಯ್ ಭಾರತೀಯ ರಸಾಯನಶಾಸ್ತ್ರದ ಇತಿಹಾಸ ಬರೆಯುತ್ತಾ, ಜಾತಿವ್ಯವಸ್ಥೆಯು ಕಸುಬನ್ನು ಕೀಳೆಂದು ಪಂಡಿತರಿಂದ ದೂರವಿಟ್ಟದ್ದೇ ಇಲ್ಲಿ ವಿಜ್ಞಾನ ಬತ್ತಲು ಒಂದು ಕಾರಣವೆಂದು ಗುರುತಿಸಿದರು. ಅವರ ಗ್ರಂಥದ ಎರಡನೆಯ ಸಂಪುಟ ಬಂದದ್ದು 1909ರಲ್ಲಿ.

ಭಾರತದಲ್ಲೂ ಯುಜಿಸಿ 2020ರಲ್ಲಿ ಅಪ್ರೆಂಟಿಸ್‌ಶಿಪ್ ಒಳಗೊಂಡ ಪದವಿಗೆ ಮಾರ್ಗಸೂಚಿ ಹೊರಡಿಸಿದೆ. ಅದು ಕಡಿಮೆ ಸಂಬಳಕ್ಕೆ ಆಳು ಒದಗಿಸುವ ಉಪಾಯವಾಗದಿರಬೇಕಾದರೆ, ಕಲಿಯುವವರ ಓದಿನ ಹೊತ್ತನ್ನೂ 'ಇದು ಸರಿಯಿಲ್ಲ' ಎನ್ನುವ ಹಕ್ಕನ್ನೂ ಕಾಪಾಡಬೇಕು. ನಮ್ಮ ಮಕ್ಕಳು ದುಡಿಯುತ್ತಾ ಓದಿದರೆ ನಾಚಿಕೆಪಡಬೇಕಾದ್ದಿಲ್ಲ. ಸುಳ್ಳು ಅಂಕಿ ಬರೆದು ಪಾಸಾಗಿ ಬಂದರೆ ನಾಚಿಕೆಪಡೋಣ.