ಜಾಷುವಾ ಕಳಿಸಿದ ಬಾವಲಿ

ಹೈದರಾಬಾದಿನ ಟ್ಯಾಂಕ್ ಬಂಡ್ ಮೇಲಿನ ಪ್ರತಿಮೆಗಳ ಸಾಲಿನಲ್ಲಿ ತೆಲುಗು ಕವಿ ಶ್ರೀಶ್ರೀ ಇದ್ದಾರೆ, ಕವಿ ಗುರ್ರಂ ಜಾಷುವಾ ಕೂಡ ಇದ್ದಾರೆ. ಶ್ರೀಶ್ರೀ ಆಧುನಿಕರೆಂಬುದಕ್ಕೆ ಯಾರದೂ ತಕರಾರಿಲ್ಲ. ಛಂದಸ್ಸಿನ ಕೈಬಿಡದ ಜಾಷುವಾರನ್ನು ಮಾತ್ರ ಹಳಬರ ಪೈಕಿ ಎಂದುಬಿಡುವುದು ಸುಲಭ. ಅದು ಆತುರದ ತೀರ್ಪು.

ಆಧುನಿಕತೆ ಎಂದರೆ ಪರಂಪರೆಯನ್ನು ಕೈಬಿಡುವುದಲ್ಲ. ಪರಂಪರೆ ಹುಟ್ಟಿನಿಂದ ಕೈಸೇರುವ ಆಸ್ತಿಯಲ್ಲ, ದುಡಿದೇ ಪಡೆಯಬೇಕು ಎಂದು ಇಂಗ್ಲಿಷಿನ ಆಧುನಿಕ ಕವಿ ಟಿ.ಎಸ್. ಎಲಿಯಟ್ 1919ರಲ್ಲೇ ವಾದಿಸಿದ್ದ. ಹಾರ್ವರ್ಡಿನಲ್ಲಿ ಸಂಸ್ಕೃತ ಕಲಿತ ಈತ 1922ರ ‘ದಿ ವೇಸ್ಟ್ ಲ್ಯಾಂಡ್’ಗೆ ಬೃಹದಾರಣ್ಯಕ ಉಪನಿಷತ್ತಿನ ಗುಡುಗನ್ನು ತಂದ, 1927ರಲ್ಲಿ ಆಂಗ್ಲಿಕನ್ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದ. ‘ಫೋರ್ ಕ್ವಾರ್ಟೆಟ್ಸ್’ನಲ್ಲಿ ಕಾಲವೂ ಕಾಲಾತೀತವೂ ಕೂಡುವ ಜಾಗ ಕ್ರಿಸ್ತನ ಅವತಾರ. ಅದೇ ಕಾವ್ಯದಲ್ಲಿ ಗೀತೆಯ ಕೃಷ್ಣನೂ ಬರುತ್ತಾನೆ. ಇಷ್ಟು ದೂರ ಕೈಚಾಚಿದ ಎಲಿಯಟ್‌ಗೆ ಯಾವ ಗ್ರಂಥಾಲಯದ ಬಾಗಿಲೂ ಮುಚ್ಚಿರಲಿಲ್ಲ.

ಜಾಷುವಾಗೆ ಮುಚ್ಚಿತ್ತು. ಅವರು ಹುಟ್ಟಿದ್ದು 1895ರಲ್ಲಿ, ವಿನುಕೊಂಡದಲ್ಲಿ. ತಂದೆ ಯಾದವರು, ತಾಯಿ ಮಾದಿಗರು, ಮನೆಯ ಧರ್ಮ ಕ್ರೈಸ್ತ. ಕಾಳಿದಾಸನನ್ನು ಅವರಿಗೆ ಕಲಿಸಿದವರು ಜೂಪೂಡಿ ಹನುಮಚ್ಛಾಸ್ತ್ರಿ. ಅಸ್ಪೃಶ್ಯನಿಗೆ ಕಾವ್ಯವೇಕೆ ಎಂದು ಸವರ್ಣೀಯರು ಕೆರಳಿದರು. ಹಿಂದೂ ಪುರಾಣ ಇವನಿಗೇಕೆ ಎಂದು ಕ್ರೈಸ್ತರೂ ಮುನಿದರು.

1941ರ ‘ಗಬ್ಬಿಲಂ’ (ಬಾವಲಿ) ಕಾವ್ಯ ಇದಕ್ಕೆಲ್ಲ ಅವರು ಕೊಟ್ಟ ಉತ್ತರ. ಚೌಕಟ್ಟು ಕಾಳಿದಾಸನ ಮೇಘದೂತದ್ದೇ. ಆದರೆ ಅಲ್ಲಿ ವಿರಹಿ ಯಕ್ಷನಿದ್ದರೆ ಇಲ್ಲಿ ಹಸಿದ ಅಸ್ಪೃಶ್ಯ. ಅಲ್ಲಿ ಸಂದೇಶ ಹೆಂಡತಿಗೆ, ಇಲ್ಲಿ ದೂರು ಶಿವನಿಗೆ. ಒಯ್ಯುವುದು ಮೋಡವಲ್ಲ, ಬಾವಲಿ. ಜನ ಅಪಶಕುನವೆನ್ನುವ ಈ ಜೀವಿ ಗುಡಿಯೊಳಗೆ ತಲೆಕೆಳಗಾಗಿ ಜೋತುಬೀಳುತ್ತದೆ, ಪೂಜಾರಿ ಅದನ್ನು ತಡೆಯುವುದಿಲ್ಲ. ಈ ಮನುಷ್ಯ ಮಾತ್ರ ಹೊಸ್ತಿಲು ದಾಟುವಂತಿಲ್ಲ. ಕಾಳಿದಾಸನ ಕಾಲವೂ ಇಂದಿನ ಹಸಿವೂ ಇಲ್ಲಿ ಒಂದೇ ಪದ್ಯದಲ್ಲಿ ಎದುರುಬದುರಾಗುತ್ತವೆ. ಆಧುನಿಕತೆಗೆ ಇನ್ನೇನು ಪುರಾವೆ ಬೇಕು?

ಕ್ರೈಸ್ತ ಕವಿ ಶಿವನಲ್ಲೇಕೆ ಮೊರೆಯಿಡಬೇಕು? ಅನ್ಯಾಯ ನಡೆದದ್ದು ಶಿವನ ಹೆಸರಿನಲ್ಲಿ. ದೂರು ಸಲ್ಲಬೇಕಾದದ್ದೂ ಅಲ್ಲಿಗೇ. ಜಾಷುವಾ ಕ್ರಿಸ್ತನನ್ನೇನೂ ಬಿಟ್ಟುಕೊಡಲಿಲ್ಲ. ಯಾವ ಛಂದಸ್ಸು ತನ್ನದಲ್ಲ ಎಂದು ಜನ ಹೇಳಿದ್ದರೋ ಅದರಲ್ಲೇ ‘ಕ್ರೀಸ್ತು ಚರಿತ್ರ’ ಬರೆದರು. 1964ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

 ಇತ್ತ ಕನ್ನಡದ ನವ್ಯ ವಿಮರ್ಶೆ ಎಲಿಯಟ್‌ನನ್ನು ಮನಸಾರೆ ಓದಿತು. ಪರಂಪರೆಯ ಪ್ರಶ್ನೆ ಬಂದಾಗಲೆಲ್ಲ ಗೋಪಾಲಕೃಷ್ಣ ಅಡಿಗರ ‘ಭೂತ’ ಕವಿತೆಯನ್ನು ಎದುರಿಗಿಟ್ಟುಕೊಂಡಿತು. ಅಲ್ಲಿ ಪೂರ್ವಿಕರೇ ಬೆನ್ನು ಹತ್ತಿ ಕಾಡುತ್ತಾರೆ. ಜಾಷುವಾರ ಸಂಕಟ ಬೇರೆ: ಕಾಡುವುದಕ್ಕೂ ಪರಂಪರೆಯ ಗ್ರಂಥಗಳಲ್ಲಿ ಅವರ ಪೂರ್ವಿಕರಿರಲಿಲ್ಲ. ‘ಭೂತ’ದ ಪಕ್ಕದಲ್ಲಿ ‘ಗಬ್ಬಿಲಂ’ ಇಟ್ಟು ಪಾಠ ಮಾಡುವ ಕೆಲಸವನ್ನು ಕನ್ನಡದ ತರಗತಿಗಳು ಕೈಗೆತ್ತಿಕೊಳ್ಳಬೇಕು.