ಕಟ್ಟಿದ ಕೈ, ಹಚ್ಚದ ದೀಪ: ಟಿ ಜೀವಕೋಶದ ಭೇದಜ್ಞಾನ

ತಾನು ಯಾವುದು, ತನಗೆ ಅನ್ಯವಾದುದು ಯಾವುದು ಎಂಬ ಪ್ರಶ್ನೆಗೆ ಹಾವೇರಿ ಜಿಲ್ಲೆಯ ತಡಸದ ಸುತ್ತಲಿನ ಸೀಮೆಯಲ್ಲಿ ಎರಡು ಬಗೆಯ ಉತ್ತರಗಳು ಬೇರೂರಿವೆ. ಉತ್ತರಾದಿ ಮಠದ ಸತ್ಯಬೋಧ ತೀರ್ಥರು 1783ರಲ್ಲಿ ಸವಣೂರಿನಲ್ಲಿ ವೃಂದಾವನಸ್ಥರಾದರು; ಅವರು ಸೇರಿದ್ದ ಮಾಧ್ವ ಪರಂಪರೆಯು ಈಶ, ಜೀವ, ಜಡಗಳ ನಡುವಿನ ಐದು ಬಗೆಯ ಭೇದಗಳು, ಅಂದರೆ ಪಂಚಭೇದಗಳು, ಎಂದಿಗೂ ಅಳಿಯದ ಸತ್ಯವೆಂದು ಪ್ರತಿಪಾದಿಸುತ್ತದೆ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಮುಸ್ಲಿಂ ಮನೆತನದಲ್ಲಿ ಹುಟ್ಟಿ, ಕಳಸದ ಗೋವಿಂದ ಭಟ್ಟರ ಶಿಷ್ಯರಾದ ಶರೀಫರ ಬದುಕಾದರೋ, ಮನುಷ್ಯರು ಎಳೆದುಕೊಂಡ ಗೆರೆಗಳಲ್ಲಿ ಎಷ್ಟೋ ಗೆರೆಗಳು ಭ್ರಮೆಯಿಂದ ಹುಟ್ಟಿದವೆಂದು ತೋರಿಸಿತು. ಭೇದವನ್ನು ಅರಿಯುವುದು, ಸುಳ್ಳು ಭೇದವನ್ನು ಕಳೆಯುವುದು ಎಂಬ ಈ ಎರಡು ಹೊಣೆಗಳು ಮನುಷ್ಯ ದೇಹದೊಳಗೂ ಇವೆ.

ರಕ್ತದ ಬಿಳಿ ಕಣಗಳಲ್ಲಿ ಒಂದು ಬಗೆಯಾದ ಟಿ ಜೀವಕೋಶಗಳು ಅಸ್ಥಿಮಜ್ಜೆಯಲ್ಲಿ ಹುಟ್ಟಿ, ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಪಳಗುತ್ತವೆ. ದೇಹದ ಸ್ವಂತ ಪ್ರೋಟೀನುಗಳಿಗೆ ಬಿಗಿಯಾಗಿ ಅಂಟಿಕೊಳ್ಳುವ ಕೋಶಗಳಲ್ಲಿ ಹೆಚ್ಚಿನವು ಅಲ್ಲಿಯೇ ಸಾಯುತ್ತವೆ. ಈ ಆಯ್ಕೆಯನ್ನು ಭೇದಜ್ಞಾನವೆಂದು ಕರೆದರೂ, ಜಡಕೋಶಕ್ಕೆ ಜ್ಞಾನವೆಂಬ ಮಾತು ಉಪಚಾರದ್ದು, ಎಂದರೆ ಸಾದೃಶ್ಯದಿಂದ ಆರೋಪಿಸಿದ್ದು. ಆದರೂ ಈ ವ್ಯವಸ್ಥೆಯಿಂದ ಒಂದು ವಿಚಾರ ಸ್ಪಷ್ಟವಾಗುತ್ತದೆ: ದೇಹದ ಮಟ್ಟಿಗೆ ‘ತಾನು’ ಎಂಬುದು ಹುಟ್ಟಿನಿಂದ ಸಿದ್ಧವಾಗಿ ಬಂದ ವಸ್ತುವಲ್ಲ, ಕಲಿತು, ದಿನದಿನವೂ ಕಾಯ್ದುಕೊಳ್ಳಬೇಕಾದ ಗುರುತು. ಈ ಕಲಿಕೆ ಮತ್ತು ಕಾವಲು ತಪ್ಪಿದಾಗ ಟಿ ಕೋಶಗಳು ಸ್ವಂತ ಅಂಗವನ್ನೇ ಅನ್ಯವೆಂದು ಬಗೆದು ಕೀಲುಗಳನ್ನೋ, ಇನ್ಸುಲಿನ್ ತಯಾರಿಸುವ ಕೋಶಗಳನ್ನೋ ಹಾಳುಮಾಡುತ್ತವೆ. ಇಂಥ ಕಾಯಿಲೆಗಳಿಗೆ ಸ್ವಪ್ರತಿರಕ್ಷಾ ರೋಗಗಳೆಂದು ಹೆಸರು.

ವೇದಾಂತದ ಹಳೆಯ ದೃಷ್ಟಾಂತದಲ್ಲಿ ಹೇಳುವುದಾದರೆ, ಇದು ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ತಿಳಿದು ಬಡಿಯುವ ಸ್ಥಿತಿ. ಪ್ರತಿರಕ್ಷಾ ನಿಗ್ರಹಕ ಔಷಧಗಳು ಬಡಿಯುವವನ ಕೈ ಹಿಡಿಯುತ್ತವೆ, ದೀಪ ಹಚ್ಚುವುದಿಲ್ಲ. ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ ದೊರೆತ ಸೈಕ್ಲೋಸ್ಪೊರಿನ್, ಟಿ ಕೋಶದೊಳಗಿನ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ತಡೆಯುತ್ತದೆ. ಅದರಿಂದ ಇಂಟರ್‌ಲ್ಯೂಕಿನ್-2 ಎಂಬ ಸಂದೇಶವಸ್ತುವಿನ ಉತ್ಪಾದನೆ ಕುಗ್ಗಿ, ಕೋಶವು ಕೆರಳಿದರೂ ತನ್ನ ಪಡೆಯನ್ನು ಬೆಳೆಸಲಾರದಾಗುತ್ತದೆ. ಅಜಥಯೋಪ್ರಿನ್, ಮೈಕೋಫಿನೊಲೇಟ್‌ಗಳು ವಿಭಜನೆಗೆ ಬೇಕಾದ ಡಿಎನ್‌ಎ ರಚನೆಗೆ ಅಡ್ಡಿಯಾಗುತ್ತವೆ. ಅಬಟಾಸೆಪ್ಟ್ ಎಂಬ ಮದ್ದು, ಟಿ ಕೋಶ ಪೂರ್ಣವಾಗಿ ಎಚ್ಚರಗೊಳ್ಳಲು ಬೇಕಾದ ಎರಡನೆಯ ಸಂಕೇತವನ್ನು ಮರೆಮಾಡುತ್ತದೆ. ಸ್ಟೀರಾಯ್ಡ್‌ಗಳು ಉರಿಯೂತ ಹಬ್ಬಿಸುವ ಹಲವು ಸಂದೇಶಗಳನ್ನು ಒಮ್ಮೆಗೇ ತಗ್ಗಿಸುತ್ತವೆ.

ಹೀಗೆ ಹಿಡಿದ ಕೈ ನಿಜವಾದ ಹಾವು ಬಂದಾಗಲೂ ಚುರುಕಾಗಿ ಏಳದು. ವರ್ಷಗಟ್ಟಲೆ ದೇಹದಲ್ಲಿ ಅಡಗಿದ್ದ ಕ್ಷಯದ ರೋಗಾಣು ಇಂಥ ಮದ್ದುಗಳ ನೆರಳಲ್ಲಿ ತಲೆಯೆತ್ತಬಹುದಾದ್ದರಿಂದ, ಕ್ಷಯ ಹೆಚ್ಚಾಗಿರುವ ಭಾರತದಲ್ಲಿ ಇಂಥ ಹಲವು ಮದ್ದುಗಳನ್ನು ಆರಂಭಿಸುವ ಮುನ್ನ ಅದರ ತಪಾಸಣೆ ನಡೆಸುತ್ತಾರೆ. ದಮವನ್ನೂ ವಿವೇಕವನ್ನೂ ಬೇರೆಬೇರೆಯಾಗಿ ಎಣಿಸುವ ವೇದಾಂತದ ವಿಚಾರ ಇಲ್ಲಿಗೂ ಹೊಂದುತ್ತದೆ: ಇಂದ್ರಿಯಗಳನ್ನು ಅಡಗಿಸುವ ದಮ ಸಾಧಕನಿಗೆ ಅಗತ್ಯ, ಆದರೆ ಅದು ನಿತ್ಯಾನಿತ್ಯಗಳನ್ನು ಬೇರ್ಪಡಿಸಿ ಅರಿಯುವ ವಿವೇಕದ ಸ್ಥಾನವನ್ನು ತುಂಬದು. ಹಾಗೆಂದು ನಿಗ್ರಹವನ್ನು ಹೀಗಳೆಯುವುದೂ ಅವಿವೇಕವೇ. ದೀಪ ಸಿಗುವವರೆಗೆ ಕೈ ಹಿಡಿಯದಿದ್ದರೆ ಹಗ್ಗ ಉಳಿಯದು, ರೋಗಿಯ ಕೀಲೂ ಉಳಿಯದು.

ಕಣ್ಣಿರುವ ನಿಗ್ರಹವೊಂದನ್ನು ದೇಹವೇ ಇಟ್ಟುಕೊಂಡಿದೆ. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಗುರುತಿಸಿದ ನಿಯಂತ್ರಕ ಟಿ ಕೋಶಗಳು, ಥೈಮಸ್‌ನಲ್ಲಿ ತಪ್ಪಿಸಿಕೊಂಡು ಬಂದ ಕೋಶಗಳನ್ನು ಹೊರಗೆ ಶಾಂತಗೊಳಿಸುತ್ತವೆ. ದೇಹವು ತನ್ನ ಅಂಗಗಳನ್ನೇ ಬಡಿಯದಂತೆ ಕಾಯುವ ಈ ಸಹಿಷ್ಣುತೆಯ ಶೋಧಕ್ಕಾಗಿ ಅವರಿಗೂ ಮೇರಿ ಬ್ರಂಕೋ, ಫ್ರೆಡ್ ರ್‍ಯಾಮ್ಸ್‌ಡೆಲ್ ಅವರಿಗೂ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. ಈ ಕೋಶಗಳನ್ನೇ ಬಲಪಡಿಸುವ ಚಿಕಿತ್ಸೆಗಳು ಇನ್ನೂ ಪ್ರಯೋಗದ ಹಂತದಲ್ಲಿವೆ.

ಇಷ್ಟನ್ನು ನೋಡಿದರೆ, ಸವಣೂರಿನ ಉತ್ತರಕ್ಕೂ ಶಿಶುನಾಳದ ಉತ್ತರಕ್ಕೂ ದೇಹದೊಳಗೆ ಜಗಳವಿಲ್ಲ. ಭೇದವನ್ನೇ ಅರಿಯದ ದೇಹ ಸೋಂಕಿಗೆ ತುತ್ತಾಗುತ್ತದೆ, ಇಲ್ಲದ ಭೇದವನ್ನು ಕಲ್ಪಿಸುವ ದೇಹ ತನಗೆ ತಾನೇ ತುತ್ತಾಗುತ್ತದೆ. ಇವೆರಡರ ನಡುವೆ ಇಂದಿನ ಮದ್ದು ಮಾಡಬಲ್ಲದ್ದು, ದೀಪ ಬರುವವರೆಗೆ ಕೋಲನ್ನು ತಡೆದು ಹಿಡಿಯುವುದು.