ಫಿಲ್ಟರಿನಲ್ಲಿ ಸಿಕ್ಕವರು

ಮ್ಯಾಟ್ರಿಮೊನಿ ಸೈಟಿನಲ್ಲಿ ಜಾತಿ, ಒಳಪಂಗಡ, ಎತ್ತರ, ಸಂಬಳ ಅಂತ ಟಿಕ್ ಮಾಡ್ತಾ ಹೋದರೆ ಸಾವಿರಾರು ಪ್ರೊಫೈಲುಗಳು ನಲವತ್ತಕ್ಕಿಳಿಯುತ್ತವೆ. ಕೋಡ್ ಬರೆಯುವವನಾದ್ದರಿಂದ ನಂಗೆ ಗೊತ್ತು, ಬಿಟ್ಟುಹೋದವು ತೆರೆಗೆ ಬರೋದೇ ಇಲ್ಲ. ನಮ್ಮೂರಲ್ಲಿ ಸಂಬಂಧ ಬೇಡ ಅಂದವರು ಸಂತೇಲಿ ಎದುರಾದಾಗ ಮುಜುಗರನಾದರೂ ಪಡಬೇಕಿತ್ತು. ಇಲ್ಲಿ ಯಾರನ್ನೂ ಬೇಡ ಅಂದ ಹಾಗೇ ಅನ್ನಿಸಲ್ಲ.

ಬಸವನಗುಡಿಯ ಗೆಳೆಯನಿಗೆ ಆಫೀಸಿನ ಹುಡುಗಿ ಇಷ್ಟ. ಇಬ್ಬರದೂ ಭಾರದ್ವಾಜ ಗೋತ್ರ. 'ಅಣ್ಣ-ತಂಗಿ ಆಗ್ತೀರಲ್ಲೋ' ಅಂದರಂತೆ ಅವರಮ್ಮ. ಸಗೋತ್ರದ ತಡೆಯನ್ನು ಕಾನೂನು 1946ರಲ್ಲೇ ತೆಗೆದಿದೆ. ತಮಾಷೆ ಅಂದ್ರೆ, ಆ ತಾಯಿ ಮದುವೆಯಾಗಿರೋದು ಸ್ವಂತ ಸೋದರಮಾವನನ್ನು! ಅದನ್ನು 1955ರ ಹಿಂದೂ ವಿವಾಹ ಕಾಯ್ದೆ ರೂಢಿ ಇದ್ದರೆ ಮಾತ್ರ ಬಿಡುತ್ತದೆ. ನಮ್ಮ ಕಡೆ ರೂಢಿ ಇದೆ, ಬಿಡಿ. ಹತ್ತಿರದ ರಕ್ತ ಆಗುತ್ತೆ, ಯಾವ ಕಾಲದ್ದೋ ಋಷಿ ಒಬ್ಬನೇ ಅಂದ್ರೆ ಆಗಲ್ಲ.

ನಗಬಹುದು. ಆದರೆ ಅವನು ಆ ಹುಡುಗಿಯನ್ನು ಮೆಚ್ಚಿದ್ದು ಹೇಗೆ? ಎರಡು ವರ್ಷ ಪಕ್ಕದ ಸೀಟು. ಪದೇ ಪದೇ ಕಂಡದ್ದರ ಮೇಲೆ ಒಲವು ಬೆಳೆಯುತ್ತೆ ಅಂತ ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ 1968ರಲ್ಲೇ ತೋರಿಸಿದ್ದರು. ಆ ಸೀಟಿಗೆ ಬರೋಕೆ ಇಬ್ಬರಿಗೂ ಇಂಗ್ಲಿಷು, ಡಿಗ್ರಿ, ಫೀಸು ಕಟ್ಟೋ ಅಪ್ಪ ಬೇಕಿತ್ತು. ನನ್ನ ಜೊತೆ ಎಸ್ಸೆಸ್ಸೆಲ್ಸಿ ಓದಿದ ಹುಡುಗಿಯರು ಯಾರೂ ಅಂಥ ಫ್ಲೋರಿಗೆ ಬರಲೇ ಇಲ್ಲ. ಲವ್ ಮ್ಯಾರೇಜಿಗೂ ಫಿಲ್ಟರ್ ಇತ್ತು, ಟಿಕ್ ಹಾಕಿದ್ದು ನಾವಲ್ಲ ಅಷ್ಟೆ.

ಹಾಗಂತ ಅವನ ಇಷ್ಟ ಸುಳ್ಳು ಅಂದರೆ ನಾನು ಒಪ್ಪಲ್ಲ. ಇಷ್ಟಕ್ಕೆ ಕಾರಣ ಕೊಡಬೇಕಿಲ್ಲ, ಬೇಡ ಅನ್ನೋದಕ್ಕೆ ಕೊಡಬೇಕು, ಅಮ್ಮನಾದರೂ ಸರಿ, ನಾವಾದರೂ ಸರಿ. ಅವರಮ್ಮ ಈಗ ಹುಡುಗಿಯನ್ನು ಬೇರೆ ಗೋತ್ರದವರಿಗೆ ದತ್ತು ಕೊಡಿಸಿ ಧಾರೆ ಎರೆಸಬಹುದಾ ಅಂತ ಪುರೋಹಿತರನ್ನು ಕೇಳ್ತಿದ್ದಾರೆ.